ಮಿಲ್ಲು ನಿಂತ ಹೊತ್ತು

ಇಂಜಿನ್ನು ಕೀಳಿಸಿ ಮೋಟಾರು ಕೂರಿಸಿದ ಮಾರನೆಯ ದಿನವೇ ವೆಂಕಟರವಣಪ್ಪ ಊಟ ಬಿಟ್ಟರು.

ಬಿಟ್ಟರು ಅಂದರೆ ಸಿಟ್ಟು ಮಾಡಿಕೊಂಡು ತಟ್ಟೆ ತಳ್ಳಿದರು ಅಂತಲ್ಲ. ಅಷ್ಟು ಮಾಡಿದ್ದರೆ ಸೊಸೆ ತನುಜಳಿಗೆ ಎಷ್ಟೋ ಸುಲಭವಾಗುತ್ತಿತ್ತು, ನಾಲ್ಕು ಒಳ್ಳೆಯ ಮಾತು ಆಡಿ ಸಮಾಧಾನ ಮಾಡಿಬಿಡುತ್ತಿದ್ದಳು. ಅವಳು ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು ತಂದು ಮಂಚದ ಪಕ್ಕದ ಸ್ಟೂಲಿನ ಮೇಲಿಟ್ಟಳು. ಮುದುಕರು ಕೈ ತೊಳೆದರು. ಮುದ್ದೆಗೆ ಬೆರಳಿಟ್ಟರು. ಆಮೇಲೆ ತಲೆ ಎತ್ತಿ ಗೋಡೆಯ ಕಡೆ ಕಿವಿಗೊಟ್ಟರು. ಗೋಡೆಯ ಆಚೆ ಅವರದೇ ಹಿಟ್ಟಿನ ಮಿಲ್ಲು.

“ಯಾರಮ್ಮ ಹೋದ್ರು?”

“ಯಾರೂ ಹೋಗಿಲ್ಲ ಮಾವ. ಮೋಟಾರು ಹಾಕ್ಸಿದೀವಲ್ಲ, ಅದು ಕೂಗಲ್ಲ.”

“ಹೌದಲ್ಲ,” ಅಂದರು ಮುದುಕರು. ಅಂದರೂ ಕೈ ಮಾತ್ರ ತಟ್ಟೆಯಿಂದ ಹಿಂದಕ್ಕೆ ಬಂದಿತ್ತು. “ಆಮೇಲೆ ಉಣ್ತೀನಿ ಬಿಡಮ್ಮ.”

ಆಮೇಲೆ ಅನ್ನುವುದು ಬರಲೇ ಇಲ್ಲ. ಮುದ್ದೆ ಆರಿ ಗಟ್ಟಿಯಾಯಿತು, ತನುಜ ಅದನ್ನು ಎಮ್ಮೆಗೆ ಹಾಕಿದಳು.

ಗೊತ್ತಿಲ್ಲದವರು ಮುದುಕನಿಗೆ ಅರಳುಮರಳು ಅಂದುಬಿಡಬಹುದು. ಅದಲ್ಲ. ಸಾದಲಿ ಕಡೆಯ ಆ ಊರಲ್ಲಿ ಈ ಮಿಲ್ಲು ನಲವತ್ತು ವರ್ಷದಿಂದ ಡೀಸೆಲ್ ಇಂಜಿನ್ನಿನಲ್ಲಿ ಓಡುತ್ತಿತ್ತು. ಹೊಗೆ ಕೊಳವೆ ಸೂರಿನಿಂದ ಮೇಲಕ್ಕೆ ಹೋಗಿತ್ತು, ಅದರ ಬಾಯಿಗೆ ತೂತು ಕೊರೆದ ಒಂದು ತಗಡಿನ ಡಬ್ಬ ಸಿಕ್ಕಿಸಿದ್ದರು. ಇಂಜಿನ್ನು ಒಂದೊಂದು ಸಲ ಹೊಡೆದಾಗಲೂ ಆ ಡಬ್ಬ ‘ಕುಹೂಕ್, ಕುಹೂಕ್’ ಅಂತ ಕೂಗುವುದು. ಕೆರೆಯಾಚೆಯ ಊರಿನ ಹೆಂಗಸರು ಆ ಕೂಗು ಕೇಳಿಯೇ ರಾಗಿ ಪುಟ್ಟಿ ತಲೆ ಮೇಲಿಟ್ಟು ಹೊರಡುತ್ತಿದ್ದರು. ಗಿರಾಕಿ ಇರಲಿ ಬಿಡಲಿ, ಹಬ್ಬವಿರಲಿ ಅಮಾವಾಸ್ಯೆ ಇರಲಿ, ದಿನಕ್ಕೊಂದು ಸಲ ಇಂಜಿನ್ನು ಓಡಿಸಿಯೇ ಓಡಿಸುವುದು ವೆಂಕಟರವಣಪ್ಪನವರ ಪದ್ಧತಿ. ಊರಲ್ಲಿ ಸಾವಾದರೆ ಮಾತ್ರ ನಿಲ್ಲಿಸುವುದು. ಸತ್ತವರು ಗೌಡರ ಬೀದಿಯವರಾಗಲಿ, ತಮ್ಮ ಕೇರಿಯವರಾಗಲಿ, ಹೆಣ ಮಣ್ಣಾಗುವ ತನಕ ಕಲ್ಲು ತಿರುಗಬಾರದು, ತಾನೂ ಅನ್ನ ಮುಟ್ಟಬಾರದು. ಹಾಗಾಗಿ ಸುತ್ತಲ ಊರುಗಳಿಗೆ ಸಾವಿನ ಸುದ್ದಿಯನ್ನು ಯಾರೂ ಹೋಗಿ ಹೇಳಬೇಕಾಗಿರಲಿಲ್ಲ. ಕೂಗುತ್ತಿದ್ದ ಮಿಲ್ಲು ನಡುವೆ ನಿಂತರೆ ಜನ ಹೂವು ಹಿಡಿದು ಬರುತ್ತಿದ್ದರು.

ಅಂಥ ಇಂಜಿನ್ನೇ ಕಾರ್ತೀಕ ಮಾಸದಲ್ಲಿ ಮುದುಕರನ್ನು ಕೆಡವಿತು. ಹ್ಯಾಂಡಲ್ ತಿರುಗಿಸುವಾಗ ಅದು ಹಿಂದಕ್ಕೆ ಹೊಡೆದು, ಸೊಂಟದ ಮೂಳೆ ಮುರಿದು, ಒಳಗೆ ರಾಡು ಹಾಕಿಸಿಕೊಂಡು ಮಂಚ ಹಿಡಿದರು. ಮಗ ಗಂಗರಾಜು ಶಿಡ್ಲಘಟ್ಟದ ಒಂದು ಸ್ಕೂಲಿಗೆ ವ್ಯಾನು ಓಡಿಸುತ್ತಿದ್ದ. ಅವನು ಮನೆಯಲ್ಲಿದ್ದಾಗಲೇ ಮಿಲ್ಲು, ಇಲ್ಲದಿದ್ದರೆ ಗಿರಾಕಿ ಕಾಯಬೇಕು. ತನುಜ ಒಂದೆರಡು ಸಲ ಹ್ಯಾಂಡಲಿಗೆ ಕೈ ಹಾಕಿ, ಭುಜ ಹಿಡಿದುಕೊಂಡು ಬಂದಳು.

“ನಂಗೊಂದು ಸ್ವಿಚ್ಚು ಕೊಡ್ಸಿ ಸಾಕು,” ಅಂತ ಗಂಡನಿಗೆ ಗಂಟು ಬಿದ್ದವಳು ಅವಳೇ. “ಒತ್ತಿದ್ರೆ ಓಡ್ಬೇಕು, ಒತ್ತಿದ್ರೆ ನಿಲ್ಬೇಕು.”

ಶಿಡ್ಲಘಟ್ಟದ ಮೆಕ್ಯಾನಿಕ್ ಬಯ್ಯಪ್ಪ ಬಂದು ಮೋಟಾರು ಕೂರಿಸಿದ. ಇಂಜಿನ್ನನ್ನು ಚೈನು ಹಾಕಿ ಎತ್ತಿ, ಹಿತ್ತಲಲ್ಲಿ ಎರಡು ಮರದ ದಿಮ್ಮಿಗಳ ಮೇಲಿಳಿಸಿ ಟಾರ್ಪಾಲು ಮುಚ್ಚಿದ. ಚಿಂತಾಮಣಿ ಕಡೆ ಯಾರಿಗೋ ಅದು ಬೇಕಂತೆ, ಗಾಡಿ ಸಿಕ್ಕಿದಾಗ ಬಂದು ಒಯ್ಯುತ್ತೇನೆ ಅಂದ.

ಮೋಟಾರಿನ ಗುಂಯ್ ಅನ್ನುವ ಸದ್ದು ಬೀದಿ ದಾಟುವುದಿಲ್ಲ. ಇಷ್ಟು ವರ್ಷ ಇಂಜಿನ್ನಿನ ಮೇಲೆ ಕೂಗಾಡಿಯೇ ಮಾತಾಡಿದ ಮನೆ ಅದು. ಈಗಲೂ ಎಲ್ಲರೂ ಹಾಗೇ ಗಂಟಲು ಹರಿದುಕೊಳ್ಳುತ್ತಿದ್ದರು, ಅಡುಗೆಮನೆಯ ಜಗಳವೆಲ್ಲ ಬೀದಿಗೆ ಕೇಳಿಸುತ್ತಿತ್ತು. ಆಮೇಲೆ ಒಮ್ಮೆಗೇ ನಾಚಿಕೆಯಾಗಿ ಎಲ್ಲರೂ ಸುಮ್ಮನಾಗುವರು. ಆ ಸುಮ್ಮನಿರುವಿಕೆ ತನುಜಳಿಗೆ ತಡೆಯಲಾಗುತ್ತಿರಲಿಲ್ಲ. ಹಿಟ್ಟು ಹಿಡಿಯಲು ಬರಿಗಾಲಲ್ಲಿ ನಿಂತರೆ ನೆಲದೊಳಗಿಂದ ಧಕ್ ಧಕ್ ಅಂತ ಬಂದ ಹಾಗಾಗುವುದು. ಮೋಟಾರು ಆರಿಸಿ ನೋಡಿದರೆ ಏನೂ ಇಲ್ಲ, ಇಂಜಿನ್ನು ಕೂತಿದ್ದ ಜಾಗದಲ್ಲಿ ಎಣ್ಣೆಯ ಕಪ್ಪು ಕಲೆ ಒಂದೇ. ಅದನ್ನು ಬೂದಿ ಹಾಕಿ ಎಷ್ಟು ಉಜ್ಜಿದರೂ ಹೋಗಲಿಲ್ಲ.

ದಿನಾ ಮಧ್ಯಾಹ್ನ ತಟ್ಟೆ ಇಟ್ಟಾಗ ಅದೇ ಮಾತು. “ಯಾರಮ್ಮ ಹೋದ್ರು?”

ಒಂದು ದಿನ ತನುಜಳಿಗೆ ರೇಗಿತು. “ಮಾವ, ನಿಮಗೆ ಗೊತ್ತಿಲ್ವಾ ಮೋಟಾರು ಹಾಕ್ಸಿರೋದು? ದಿನಾ ಹೇಳ್ಬೇಕಾ?”

“ಗೊತ್ತು ಕಣಮ್ಮ. ತಲೆಗೆ ಗೊತ್ತು. ಗಂಟಲಿಗೆ ಗೊತ್ತಾಗಲ್ಲ. ಸದ್ದಿಲ್ಲದ ಹೊತ್ನಲ್ಲಿ ತುತ್ತು ಇಳಿಸಿ ಅಭ್ಯಾಸ ಇಲ್ಲ. ಊರಲ್ಲಿ ಎಲ್ಲೋ ಹೆಣ ಇಟ್ಕೊಂಡು ಉಣ್ತಾ ಇದೀನಿ ಅನ್ನಿಸ್ತದೆ.”

ಕತ್ತಲಾದ ಮೇಲೆ, ಮಿಲ್ಲು ಹೇಗೂ ನಿಲ್ಲುವ ಹೊತ್ತಾದ್ದರಿಂದ, ಎರಡು ತುತ್ತು ತಿನ್ನುತ್ತಿದ್ದರು. ಅಷ್ಟರಿಂದ ಆ ಮುರಿದ ಸೊಂಟ ಕೂಡಬೇಕು, ಆ ಕಾಲು ನೆಲ ಮುಟ್ಟಬೇಕು. ಮೈ ಇಳಿಯುತ್ತಾ ಬಂತು.

ತನುಜಳ ಮಗಳು ಸಂಘಮಿತ್ರ ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗ್ ಓದುತ್ತಿದ್ದಳು, ದಿನಾ ಬಸ್ಸಲ್ಲಿ ಹೋಗಿ ಬರುವಳು. ಉಪಾಯ ಹುಡುಕಿದವಳು ಅವಳೇ.

“ಅಮ್ಮ, ಹೋದ್ ವರ್ಷ ನಾನು ಇಂಜಿನ್ದು ವಿಡಿಯೋ ಮಾಡಿದ್ದೆ. ಅದನ್ನ ನಿನ್ನ ಫೋನಿಗೆ ಹಾಕ್ತೀನಿ. ತಾತ ಊಟ ಮಾಡೋವಾಗ ಗೋಡೆ ಆಚೆ ಸ್ಪೀಕರಿಟ್ಟು ಪ್ಲೇ ಮಾಡು.”

“ಮೋಸ ಅಲ್ವೇನೇ ಅದು?”

“ಹಸಿವಲ್ಲಿ ಬಿಡೋದು ಒಳ್ಳೇದಾ?”

ಮಾರನೆಯ ದಿನ ಮಿಲ್ಲಿನ ಕಟ್ಟೆ ಮೇಲೆ ಪುಟಾಣಿ ಸ್ಪೀಕರು ‘ಕುಹೂಕ್, ಕುಹೂಕ್’ ಅಂದಿತು. ಮುದುಕರು ಗೋಡೆ ನೋಡಿದರು, ಸೊಸೆಯ ಮುಖ ನೋಡಿದರು. ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗಿದರು. ತನುಜಳಿಗೆ ಅಳು ಬರುವಷ್ಟು ಸಂತೋಷವಾಯಿತು. ನಾಲ್ಕಾರು ದಿನ ಹೀಗೇ ನಡೆಯಿತು. ಮೋಸ ಅಂತ ಅವರಿಗೆ ಗೊತ್ತಿತ್ತು, ಗೊತ್ತಿದೆ ಅಂತ ಇವಳಿಗೂ ಗೊತ್ತಿತ್ತು, ಇಬ್ಬರೂ ಬಾಯಿ ಬಿಡಲಿಲ್ಲ.

ಒಂದು ಮಧ್ಯಾಹ್ನ ಮುದುಕರು ತುತ್ತು ಬಾಯಿಗಿಟ್ಟಿದ್ದಾರೆ, ಕೂಗು ಫಕ್ಕನೆ ನಿಂತಿತು. ಫೋನಿಗೆ ಯಾರದೋ ಕರೆ ಬಂದಿತ್ತು. ತನುಜ ಓಡಿಹೋಗಿ ನೋಡಿದರೆ ಗಂಗರಾಜು!

“ಸಾಯಂಕಾಲ ಬರೋವಾಗ ಏನಾದ್ರೂ ತರ್ಬೇಕಾ?” ಅಂತ ಕೇಳಿದ.

“ನಿಮ್ಮ ತಲೆ ತನ್ನಿ!” ಅಂತ ಕಿರುಚಿ ಫೋನು ಇಟ್ಟಳು. ವಾಪಸು ಬಂದಾಗ ಮುದುಕರು ಬಾಯಲ್ಲಿದ್ದುದನ್ನೂ ತಟ್ಟೆಗೆ ಉಗಿದು, ಬಾಯಿ ಒರೆಸಿಕೊಂಡು ಕೂತಿದ್ದರು.

“ಯಾರಮ್ಮ ಹೋದ್ರು?”

ಅವತ್ತಿನಿಂದ ವಿಡಿಯೋ ಹಾಕಿದರೂ ಕೈ ತಟ್ಟೆಗೆ ಹೋಗಲಿಲ್ಲ. ಎಲ್ಲಿ ನಡುವೆ ನಿಂತುಬಿಡುತ್ತದೋ ಅಂತ ಕಾಯುತ್ತಲೇ ಕೂರುವರು.

ರಾತ್ರಿ ಊಟಕ್ಕೆ ಕೂತಾಗ ಗಂಡ ಹೆಂಡತಿಗೆ ಹತ್ತಿಕೊಂಡಿತು.

“ಆ ಇಂಜಿನ್ನು ಹಿತ್ಲಲ್ಲಿರೋ ತನಕ ಅಪ್ಪಂಗೆ ಅದೇ ಗ್ಯಾನ,” ಅಂದ ಗಂಗರಾಜು. “ಬಯ್ಯಪ್ಪಂಗೆ ಫೋನ್ ಮಾಡಿದೀನಿ. ಬರೋ ಶನಿವಾರ ಮಧ್ಯಾಹ್ನ ಗಾಡಿ ತರ್ತಾನೆ. ತೊಲಗ್ಲಿ ಅತ್ಲಾಗೆ.”

“ಸ್ವಲ್ಪ ದಿನ ಇರ್ಲಿ ಬಿಡ್ರೀ.”

“ಸ್ವಿಚ್ಚು ಬೇಕು ಸ್ವಿಚ್ಚು ಬೇಕು ಅಂತ ಕುಣಿದೋಳು ನೀನೇ ಅಲ್ವೇನೇ? ಅಪ್ಪನ ಸೊಂಟ ಮುರ್ದಿದ್ದು ಅದೇ ಅಲ್ವಾ? ಅದನ್ನ ಇಟ್ಕೊಂಡು ಪೂಜೆ ಮಾಡ್ಬೇಕಾ?”

“ನಾನು ಸ್ವಿಚ್ಚು ಕೇಳ್ದೆ. ಇದನ್ನೆಲ್ಲ ಕೇಳ್ಲಿಲ್ಲ.”

“ಇಬ್ರೂ ಕಿರುಚ್ಬೇಡಿ, ಬೀದಿಗೆ ಕೇಳ್ತದೆ,” ಅಂದಳು ಸಂಘಮಿತ್ರ. ಒಳಕೋಣೆಯಲ್ಲಿ ಮುದುಕರು ಕೆಮ್ಮಿದರು. ಮೂವರೂ ಉಂಡು ಎದ್ದರು.

ಅದಾದ ಮೂರನೆಯ ಬೆಳಗ್ಗೆ ತನುಜ ಮಿಲ್ಲಿನ ಮುಂದೆ ಮೊರ ಹಿಡಿದು ರಾಗಿ ಕೇರುತ್ತಾ ಕೂತಿದ್ದಳು. ಗಿರಾಕಿಗಳೂ ಕಡಿಮೆಯಾಗಿದ್ದರು, ಕೆರೆಯಾಚೆಯವರಂತೂ ಒಬ್ಬರೂ ಇಲ್ಲ. ಬೀದಿಯ ತಿರುವಿನಲ್ಲಿ ಅಳು ಕೇಳಿಸಿತು. ನೋಡಿದರೆ ಕೆರೆಯಾಚೆಯ ಅಕ್ಕಯ್ಯಮ್ಮ, ಸೆರಗು ಬಾಯಿಗೊತ್ತಿಕೊಂಡು, ಹಿಂದೆ ಏಳೆಂಟು ಹೆಂಗಸರು.

“ಅಯ್ಯೋ ನನ್ನಪ್ಪಾ! ಊರಿಗೆಲ್ಲ ಹಿಟ್ಟು ಮಾಡ್ಕೊಟ್ಟ ದೊರೆಯೇ! ಹೇಳ್ದೆ ಹೊರಟ್ಯಲ್ಲಪ್ಪಾ…”

ತನುಜ ಮೊರ ಬಿಟ್ಟು ಎದ್ದಳು. “ಯಾರಜ್ಜಿ? ಯಾರು ಹೋದ್ರು?”

“ನನ್ನ ಕೇಳ್ತೀಯಲ್ಲೇ ತಾಯಿ! ನಿಮ್ಮ ಮಾವ ಕಣೇ!”

“ನಮ್ಮ ಮಾವ ಒಳಗೆ ಕಾಫಿ ಕುಡೀತಾ ಇದಾರೆ!”

ಅಕ್ಕಯ್ಯಮ್ಮನ ಅಳು ಅರ್ಧಕ್ಕೇ ನಿಂತಿತು. ಬಾಗಿಲಿಂದ ಕತ್ತು ಚಾಚಿ ಇಣುಕಿ ನೋಡಿ, “ಅಮ್ಮ ನಾಯನೋ, ಬತಿಕೇ ಉನ್ನಾಡೇ!” ಅಂತ ತೆಲುಗಲ್ಲಿ ಕೂಗಿ ಹಣೆ ಚಚ್ಚಿಕೊಂಡಳು. “ಬದುಕಿದಾನಲ್ರೇ! ಅಲ್ಲ ಕಣಮ್ಮ, ಬೇರೆ ಯಾರಾದ್ರೂ ಸತ್ತಿದ್ರೆ ಮಾರನೇ ದಿನ ಮಿಲ್ಲು ಕೂಗೋದು. ಇಷ್ಟು ದಿನ ಕೂಗ್ಲಿಲ್ಲ ಅಂದ್ರೆ ಕೂಗ್ಸೋನೇ ಹೋದ ಅಂದ್ಕೊಂಡ್ವಿ. ಮನೇಲಿ ರೇಷ್ಮೆ ಹುಳ ಹಣ್ಣಾಗ್ತಾ ಇದೆ, ಗೂಡು ಕಟ್ಟೋಕೆ ಬಿಡ್ಬೇಕು, ಎಲ್ಲ ಸೊಸೆಗೆ ಒಪ್ಸಿ ಓಡಿ ಬಂದೆ.”

ಅಷ್ಟರಲ್ಲಿ ದೊಡ್ಡಮನೆಯ ಮುನಿವೆಂಕಟಪ್ಪ ಗೌಡರೂ ಮೊಪೆಡ್ಡಿನಲ್ಲಿ ಬಂದರು, ಹ್ಯಾಂಡಲಿಗೆ ನೇತುಹಾಕಿದ ಕವರಿನಲ್ಲಿ ಸೇವಂತಿಗೆ ಹಾರ. ಸಂಗತಿ ತಿಳಿದು ಹಾರ ಎಲ್ಲಿ ಬಚ್ಚಿಡಬೇಕೋ ಗೊತ್ತಾಗದೆ, ಹೊಸಿಲಾಚೆಯೇ ನಿಂತು, “ಹೊಸ ಮೋಟಾರಿಗೆ ಅಂತ ತಂದೆ ವೆಂಕಟರವಣ,” ಅಂದರು. ಹೆಂಗಸರೆಲ್ಲ ಕಿಸಕ್ಕನೆ ನಕ್ಕರು. ಮಂಚದ ಮೇಲಿಂದ ಮುದುಕರೂ ನಕ್ಕರು. ತನುಜ ಹಾರ ಒಯ್ದು ಮೋಟಾರಿಗೆ ಹಾಕಿ ಬಂದಳು.

ನಗು ಅಡಗಿದ ಮೇಲೆ ಮುದುಕರು ಅಂದರು, “ನಂಗೆ ಇಷ್ಟು ಜನ ಬರ್ತೀರಿ ಅಂತ ಈಗ ಗೊತ್ತಾಯ್ತು. ನಮ್ಮ ಕೊಂಡಮ್ಮಂಗೆ ಯಾಕೆ ಒಬ್ರೂ ಬರ್ಲಿಲ್ಲ?”

ಅಕ್ಕಯ್ಯಮ್ಮ ಸೆರಗಲ್ಲಿ ಮುಖ ಒರೆಸಿಕೊಂಡು ಹೇಳಿದಳು. “ನೀನು ಇಂಜಿನ್ನು ಓಡಿಸ್ತಾ ಇದ್ಯಲ್ಲಪ್ಪ. ಆವತ್ತು ದಿನವೆಲ್ಲ ಕೂಗು ಕೇಳ್ತಾ ಇತ್ತು. ಮಿಲ್ಲು ಕೂಗೋ ಊರಲ್ಲಿ ಹೆಣ ಇದೆ ಅಂತ ಯಾರು ಅಂದ್ಕೋತಾರೆ? ನಂಗೆ ಗೊತ್ತಾದಾಗ ಎಲ್ಲ ಮುಗಿದೋಗಿತ್ತು.”

ಗೌಡರು ತಲೆ ಬಗ್ಗಿಸಿ ಮೊಪೆಡ್ಡಿನ ಕಡೆ ನಡೆದರು.

ಎಂಟು ವರ್ಷದ ಹಿಂದಿನ ಮಾತು. ಗೌಡರ ಮಗಳ ಮದುವೆ, ಅವರ ಬೀದಿಯ ಕರೆಂಟ್ ಮಿಲ್ಲಿಗೆ ಕರೆಂಟಿಲ್ಲ. ಗಾಡಿ ತುಂಬ ಅಕ್ಕಿ, ರಾಗಿ, ಕಡಲೆಬೇಳೆ ಇಲ್ಲಿಗೆ ಬಂತು. ದೊಡ್ಡಮನೆಯ ಧಾನ್ಯ ಈ ಕೇರಿಯ ಕಲ್ಲಿಗೆ ಬಿದ್ದದ್ದು ಅದೇ ಮೊದಲು. ಅವತ್ತು ಬೆಳಗ್ಗೆ ವೆಂಕಟರವಣಪ್ಪನವರ ಹೆಂಡತಿ ಕೊಂಡಮ್ಮ ಪಾತ್ರೆ ತಿಕ್ಕುತ್ತಾ ಕೂತವಳು ಹಾಗೇ ಪಕ್ಕಕ್ಕೆ ವಾಲಿದಳು. ವೆಂಕಟರವಣಪ್ಪ ಬಂದು ನೋಡಿದರು. ಹೊರಗೆ ಗೌಡರ ಆಳುಗಳು ಮೂಟೆ ಇಳಿಸುತ್ತಿದ್ದರು. “ಈಗ ನಿಲ್ಲಿಸಿದ್ರೆ, ಸಾವಿನ ಮನೆ ಹಿಟ್ಟು ಅಂತ ಎಲ್ಲ ಎತ್ಕೊಂಡು ಹೋಗ್ತಾರೆ. ಇನ್ಯಾವತ್ತೂ ಬರಲ್ಲ,” ಅಂದರು. ಗಂಗರಾಜು ಅಳುತ್ತಾ ಧಾನ್ಯ ಸುರಿದ. ಗೋಡೆಯ ಈಚೆ ತನುಜ ಅತ್ತೆಯ ಮೈ ತೊಳೆದಳು, ಇಂಜಿನ್ನಿನ ಹೊಡೆತಕ್ಕೆ ತಂಬಿಗೆಯ ನೀರು ಅಲುಗುತ್ತಿತ್ತು. ಐದನೇ ಕ್ಲಾಸಿನ ಸಂಘಮಿತ್ರ ಸ್ಕೂಲಿಂದ ಬಂದವಳು, ಮಿಲ್ಲು ಕೂಗುತ್ತಿದೆಯಲ್ಲ, ಅಜ್ಜಿ ಮಲಗಿದ್ದಾಳೆ ಅಂದುಕೊಂಡು ಆಡಲು ಹೋದಳು. ಮೂಟೆ ಮುಗಿಯುವಾಗ ಹೊತ್ತು ಇಳಿದಿತ್ತು. ಹಿಪ್ಪುನೇರಳೆ ತೋಟದಾಚೆ ಮನೆಯವರಷ್ಟೇ ಸೇರಿ ಮಣ್ಣು ಮಾಡಿದರು. ಅದರ ಮಾತು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಿರಲಿಲ್ಲ.

ಹೆಂಗಸರು ಬಂದುಹೋದ ದಿನದಿಂದ ವೆಂಕಟರವಣಪ್ಪ ರಾತ್ರಿಯ ತುತ್ತನ್ನೂ ಬಿಟ್ಟರು. ‘ಯಾರಮ್ಮ ಹೋದ್ರು’ ಅಂತ ಕೇಳುವುದನ್ನೂ ಬಿಟ್ಟರು. ತನುಜ ಗಂಜಿ ಕಾಸಿ ಚಮಚದಲ್ಲಿ ಬಾಯಿಗಿಟ್ಟರೆ ಮುಖ ಆಚೆ ತಿರುಗಿಸಿ, “ಇನ್ನೂ ಮಣ್ಣಾಗಿಲ್ಲ ಕಣಮ್ಮ,” ಅನ್ನುವರು. ಆಸ್ಪತ್ರೆಯಿಂದ ಡಾಕ್ಟರು ಬಂದು ಡ್ರಿಪ್ಪು ಹಾಕಿದರು. ರಕ್ತ ಸರಿ ಇದೆ, ಬಿಪಿ ಸ್ವಲ್ಪ ಕಡಿಮೆ, ಹೀಗೇ ಊಟ ಬಿಟ್ಟರೆ ಹೆಚ್ಚು ದಿನ ಇಲ್ಲ ಅಂದರು.

ಗಂಗರಾಜು ಮಂಚದ ಪಕ್ಕ ಕೂತು ಗದರಿದ, ಗೋಗರೆದ. “ಅಪ್ಪ, ಅಮ್ಮ ಹೋಗಿ ಎಂಟು ವರ್ಷ ಆಯ್ತು. ಮಣ್ಣು ಮಾಡಿದೀವಿ. ನಾನೇ ಗುಂಡಿ ತೋಡಿದ್ದು.”

“ಊರಿಗೆ ಗೊತ್ತಾಗ್ದೆ ಹೂತಿದ್ದು ಮಣ್ಣು ಮಾಡಿದಂಗಾ? ಕದ್ದು ಬಚ್ಚಿಟ್ಟಂಗೆ.”

“ನಿಲ್ಲಿಸ್ಬೇಡ ಅಂದೋನು ನೀನೇ ಅಲ್ವಾ!”

ಬಾಯಿ ತಪ್ಪಿ ಬಂದುಬಿಟ್ಟಿತು. ಗಂಗರಾಜು ಎದ್ದು ಹೊರಗೆ ಹೋದ. ಸಂಘಮಿತ್ರ ಹಿಂದೆಯೇ ಹೋಗಿ ನೋಡಿದರೆ, ಅಪ್ಪ ವ್ಯಾನಿನಲ್ಲಿ ಮಕ್ಕಳ ಸೀಟಿನ ಮೇಲೆ ಕೂತು ಮುಖ ಮುಚ್ಚಿಕೊಂಡಿದ್ದ.

ಶನಿವಾರ ಬಂತು. ಮಧ್ಯಾಹ್ನ ಬಯ್ಯಪ್ಪ ಗಾಡಿ ತರುವವನಿದ್ದ. ಗಂಗರಾಜು ವ್ಯಾನು ತೆಗೆದುಕೊಂಡು ಹೋಗಿದ್ದ, ಸಂಘಮಿತ್ರಳಿಗೆ ರಜೆ. ತನುಜ ಮಾವನ ಮುಖ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಕೇಳಿದಳು.

“ಏನು ಮಾಡಿದ್ರೆ ಉಣ್ತೀರ ಮಾವ? ಹೇಳಿ, ಮಾಡ್ತೀನಿ.”

“ಆವತ್ತು ನಿಲ್ಲಿಸ್ಬೇಕಿತ್ತು.” ದನಿ ಒಣಗಿತ್ತು. “ಈಗ ನಿಲ್ಲಿಸಣ ಅಂದ್ರೆ, ನಿಲ್ಲಿಸೋಕೆ ಸದ್ದೇ ಇಲ್ಲ.”

ತನುಜ ಬಟ್ಟೆ ಹಿಂಡಿ ತಂತಿಗೆ ಹಾಕಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, “ಸಂಘೂ, ಹಿತ್ಲಿಗೆ ಬಾರೇ!” ಅಂತ ಇಂಜಿನ್ನಿದ್ದ ಕಾಲದ ದನಿಯಲ್ಲೇ ಕೂಗಿದಳು.

ಟಾರ್ಪಾಲು ಎಳೆದರು. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ತಳದಲ್ಲಿ ಡೀಸೆಲ್ ಇತ್ತು. ಸಂಘಮಿತ್ರ ಏಣಿ ಹಾಕಿ ಸೂರಿನಿಂದ ಡಬ್ಬ ಬಿಚ್ಚಿ ತಂದಳು, ಇಂಜಿನ್ನಿನ ಕೊಳವೆಯ ಬಾಯಿಗೆ ಸಿಕ್ಕಿಸಿದರು.

“ಅಮ್ಮ, ಬೇಡ. ತಾತಂಗೆ ಆಗಿದ್ದು ನೆನಪಿದ್ಯಾ? ಹಿಂದಕ್ಕೆ ಹೊಡುದ್ರೆ?”

“ಹೊಡುದ್ರೆ ನೀನಿದೀಯಲ್ಲ, ನರ್ಸಮ್ಮ. ಆ ಮೇಲಿನ ಲಿವರು ಎತ್ತಿ ಹಿಡ್ಕೋ. ಬಿಡು ಅಂದಾಗ ಬಿಡು.”

ಮೊದಲ ಸಲ ಹ್ಯಾಂಡಲು ಅರ್ಧ ಸುತ್ತಿಗೇ ನಿಂತಿತು. ಎರಡನೇ ಸಲ ಇಂಜಿನ್ನು ಒಂದು ಕೆಮ್ಮು ಕೆಮ್ಮಿ ಸುಮ್ಮನಾಯಿತು. ತನುಜಳ ಭುಜ ಉರಿಯುತ್ತಿತ್ತು. ಅವಳು ಆ ಇಂಜಿನ್ನಿಗೂ ಅದನ್ನು ಕಂಡುಹಿಡಿದವನಿಗೂ ಬೈದಳು, ಗೌಡರ ಮನೆ ಮದುವೆಗೂ ಬೈದಳು, ಅವತ್ತು ಬಾಯಿ ಬಿಡದೆ ಮೈ ತೊಳೆದ ತನಗೂ ಬೈದುಕೊಂಡಳು. ಎರಡೂ ಕೈಯಲ್ಲಿ ಹಿಡಿದು, ಮೈಯೆಲ್ಲ ಹಾಕಿ ತಿರುಗಿಸಿದಳು, ಇನ್ನೂ ಜೋರಾಗಿ ತಿರುಗಿಸಿದಳು. “ಬಿಡು!”

ಸಂಘಮಿತ್ರ ಲಿವರು ಬಿಟ್ಟಳು. ಇಂಜಿನ್ನು ಢಕ್ ಅಂದಿತು, ಇನ್ನೊಮ್ಮೆ ಢಕ್ ಅಂದಿತು, ಕಪ್ಪು ಹೊಗೆ ಉಗುಳಿ ಓಡತೊಡಗಿತು. ಬೋಲ್ಟಿಲ್ಲದ ಅದು ದಿಮ್ಮಿಗಳ ಮೇಲೆ ಕುಣಿಯಿತು, ತಾಯಿ ಮಗಳು ಹಿಂದಕ್ಕೆ ಹಾರಿದರು. ‘ಕುಹೂಕ್, ಕುಹೂಕ್’ ಅನ್ನುವ ಕೂಗು ಹಿಪ್ಪುನೇರಳೆ ತೋಟದ ಮೇಲೆ, ಕೆರೆ ಏರಿಯ ಮೇಲೆ ಹಾದು ಹೋಯಿತು. ಬೀದಿಯಲ್ಲಿ ನಾಯಿಗಳು ಬೊಗಳಿದವು. ಒಳಗೆ ವೆಂಕಟರವಣಪ್ಪ ಮಂಚದ ಮೇಲೆ ತಾವೇ ಎದ್ದು ಕೂತಿದ್ದರು.

ಒಂದು ಪುಟ್ಟಿ ರಾಗಿ ಬೀಸುವಷ್ಟು ಹೊತ್ತು ಓಡಲು ಬಿಟ್ಟಳು. ಆಮೇಲೆ ಹೋಗಿ ನಿಲ್ಲಿಸಿದಳು.

ಆ ನಿಶ್ಶಬ್ದ ಬೇರೆಯೇ ಇತ್ತು. ಇಷ್ಟು ದಿನ ಮನೆಯಲ್ಲಿ ಇದ್ದದ್ದು ಸದ್ದಿಲ್ಲದಿರುವುದು ಮಾತ್ರ, ಇದು ಸದ್ದು ನಿಂತದ್ದು. ತನುಜ ಒಳಗೆ ಹೋಗಿ, ಬುದ್ಧನ ಪಟದ ಪಕ್ಕದಿಂದ ಅತ್ತೆಯ ಫೋಟೊ ಇಳಿಸಿ ಒರೆಸಿ, ಬಾಗಿಲ ಬಳಿ ಮಣೆಯ ಮೇಲಿಟ್ಟಳು. ಒಲೆ ಹಚ್ಚಲಿಲ್ಲ.

ಮೊದಲು ಬಂದವಳು ಅಕ್ಕಯ್ಯಮ್ಮ. ಈ ಸಲ ಅಳದೆ, ಹುಷಾರಾಗಿ ಬಂದಳು. ಮಂಚದ ಮೇಲೆ ಕೂತ ಮುದುಕರನ್ನು ನೋಡಿ, “ಈಗ್ಲೂ ನೀನಲ್ವಾ? ಮತ್ತೆ ಯಾರಪ್ಪ?” ಅಂದಳು.

“ಕೊಂಡಮ್ಮ,” ಅಂದರು ವೆಂಕಟರವಣಪ್ಪ. “ನಮ್ಮ ಕೊಂಡಮ್ಮ ಹೋದ್ಲು ಅಕ್ಕಯ್ಯಮ್ಮ.”

ಅಕ್ಕಯ್ಯಮ್ಮ ಮುದುಕರ ಮುಖ ನೋಡಿದಳು, ಮಣೆಯ ಮೇಲಿನ ಫೋಟೊ ನೋಡಿದಳು. ಏನೂ ಕೇಳಲಿಲ್ಲ. ನ್ಯಾಯಪಂಚಾಯ್ತಿ ಮಾಡುವ ಹೆಂಗಸಲ್ಲ ಅವಳು. ಅಲ್ಲೇ ನೆಲಕ್ಕೆ ಕೂತು, ಸೆರಗು ಮುಖಕ್ಕೆ ಹಾಕಿಕೊಂಡು, “ಅಯ್ಯೋ ನನ್ನ ತಂಗೀ, ಕೊಂಡಮ್ಮಾ! ನನ್ನ ತಲೆ ಮೇಲಿನ ಪುಟ್ಟಿ ಇಳಿಸಿಕೊಳ್ತಿದ್ದ ಕೈಯೇ! ಹಿಟ್ಟು ಸುಡ್ತದೆ ತಡಿ ಅಕ್ಕ ಅಂತಿದ್ದ ಬಾಯೇ!” ಅಂತ ಹಾಡಿ ಅತ್ತಳು. ಹಿಂದೆ ಬಂದವರು ಒಬ್ಬೊಬ್ಬರಾಗಿ ಕೂತರು. ಕೊಂಡಮ್ಮನನ್ನು ನೋಡೇ ಇರದ ಹೊಸ ಸೊಸೆಯಂದಿರೂ ಕಣ್ಣೊರೆಸಿಕೊಂಡರು.

ರಸ್ತೆಯಲ್ಲಿ ಇಂಜಿನ್ನಿನ ಕೂಗು ಕೇಳಿ, ನಿಂತದ್ದನ್ನೂ ಕೇಳಿ, ಜನ ಮನೆ ಕಡೆ ನಡೆಯುವುದನ್ನು ಕಂಡ ಗಂಗರಾಜು ವ್ಯಾನನ್ನು ಬೀದಿ ಬಾಯಲ್ಲೇ ಬಿಟ್ಟು, “ಅಪ್ಪಾ!” ಅಂತ ಓಡಿ ಬಂದ. ಅಪ್ಪ ಕೂತಿದ್ದರು. ಅವನು ಹೆಂಡತಿಯ ಮಸಿ ಹಿಡಿದ ಕೈ ನೋಡಿದ, ಮಣೆಯ ಮೇಲೆ ಅಮ್ಮನನ್ನು ನೋಡಿದ. ಧಾನ್ಯ ಸುರಿಯುತ್ತಾ ನುಂಗಿಕೊಂಡಿದ್ದೆಲ್ಲ ಈಗ ಹೊರಗೆ ಬಂತು. ಅಷ್ಟು ದೊಡ್ಡ ಗಂಡಸು ಮಣೆ ತಬ್ಬಿಕೊಂಡು ಎಳೆ ಮಗುವಿನ ಹಾಗೆ ಗೋಳೋ ಅಂತ ಅತ್ತ.

ಗೌಡರು ಕೊನೆಗೆ ಬಂದರು. ಹೊಸಿಲು ಅವತ್ತೂ ದಾಟಲಿಲ್ಲ. ಆದರೆ ಎಲ್ಲರೂ ತೋಟದಾಚೆ ಹೊರಟಾಗ ಮೊಪೆಡ್ಡು ಬಿಟ್ಟು ಬರಿಗಾಲಲ್ಲಿ ಹಿಂದೆ ನಡೆದರು. ಎಂಟು ವರ್ಷಕ್ಕೆ ಅಲ್ಲಿ ದಿಬ್ಬವೆಲ್ಲ ಕುಸಿದು ಗರಿಕೆ ಬೆಳೆದಿತ್ತು. ಗಂಗರಾಜು ಗರಿಕೆ ಕಿತ್ತ. ಬಂದವರೆಲ್ಲ ಒಂದೊಂದು ಹಿಡಿ ಮಣ್ಣು ಹಾಕಿದರು. ಗೌಡರು ಮೂರು ಹಿಡಿ ಹಾಕಿ, “ನಮ್ಮನೆ ಮದುವೆ ಆವತ್ತು,” ಅಂದರು. ಯಾರನ್ನು ನೋಡಿ ಅಂದರೋ ತನುಜಳಿಗೆ ಗೊತ್ತಾಗಲಿಲ್ಲ.

ಬಯ್ಯಪ್ಪ ಗಾಡಿ ತಂದವನು ಜನ ನೋಡಿ ಚಪ್ಪಲಿ ಬಿಟ್ಟು ನಿಂತಿದ್ದ. “ನಾಳೆ ಬಾಪ್ಪ,” ಅಂತ ಗಂಗರಾಜು ಅವನನ್ನು ಕಳಿಸಿದ.

ಎಲ್ಲರೂ ಕೈಕಾಲು ತೊಳೆದು ಹೋದ ಮೇಲೆ ಅಕ್ಕಯ್ಯಮ್ಮನ ಮನೆಯಿಂದ ಬೋಸಿಯಲ್ಲಿ ಮುದ್ದೆ, ಸೊಪ್ಪಿನ ಸಾರು ಬಂತು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ. ತನುಜ ತಟ್ಟೆಗೆ ಬಡಿಸಿ ಮಾವನ ಮುಂದಿಟ್ಟಳು. ಗಂಗರಾಜುವೂ ಸಂಘಮಿತ್ರಳೂ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ಮುದುಕರು ಗೋಡೆಯ ಕಡೆ ಕಿವಿಗೊಟ್ಟರು. ಗೋಡೆಯಾಚೆ ಏನೂ ಸದ್ದಿರಲಿಲ್ಲ.

“ಆಯ್ತಾಮ್ಮ?”

“ಆಯ್ತು ಮಾವ.”

“ಎಲ್ರೂ ಬಂದಿದ್ರಾ?”

“ಎಲ್ರೂ ಬಂದಿದ್ರು.”

“ಗೌಡ್ರು?”

“ಅವ್ರೂ ಮಣ್ಣು ಹಾಕಿದ್ರು.”

ವೆಂಕಟರವಣಪ್ಪ ಕೈ ತೊಳೆದರು. ಮುದ್ದೆ ಮುರಿದು, ಸಾರಿಗೆ ಅದ್ದಿ, ಬಾಯಿಗಿಟ್ಟು ನುಂಗಿದರು. ಗಂಟಲಲ್ಲಿ ಇಳಿಯುವುದನ್ನು ಮೂವರೂ ನೋಡಿದರು.

“ಅಕ್ಕಯ್ಯಮ್ಮ ಉಪ್ಪು ಕಮ್ಮಿ ಹಾಕ್ತಾಳೆ,” ಅಂದರು ಮುದುಕರು. “ಕೊಂಡಮ್ಮ ಯಾವಾಗ್ಲೂ ಅನ್ನೋಳು. ಸ್ವಲ್ಪ ಉಪ್ಪು ತಾಮ್ಮ.”